ಬಿಳುಪೇರಿದ ಬಂಪರು

ಕಪ್ಪಗಿದ್ದುದನ್ನು ಬಿಳುಪು ಮಾಡುವುದು ಕಾಲಪುರುಷನ ಹಳೆಯ ಅಭ್ಯಾಸ. ಕೊಡೆಯ ಬಟ್ಟೆ, ವಕೀಲರ ಕೋಟು, ಗೃಹಸ್ಥರ ಮೀಸೆ, ಯಾವುದಕ್ಕೂ ಆತ ರಿಯಾಯಿತಿ ತೋರಿದವನಲ್ಲ. ಆದರೆ ಕೊಡೆ ಮಾಸಿದರೆ ಮೂಲೆ ಸೇರುತ್ತದೆ. ಕೋಟು ಮಾಸಿದರೆ ವಕೀಲರ ಅನುಭವಕ್ಕೆ ಸಾಕ್ಷಿಯಾಗುತ್ತದೆ. ಮೀಸೆಗಂತೂ ಬಣ್ಣದ ಸೀಸೆಯುಂಟು. ಕಾರಿನ ಕಪ್ಪು ಪ್ಲಾಸ್ಟಿಕ್ಕು ಬಿಳುಪೇರಿದಾಗ ಮಾತ್ರ ಮನೆಯ ಮಾನವೇ ಬೀದಿಯಲ್ಲಿ ನಿಂತಂತಾಗುತ್ತದೆ. ಏಕೆಂದರೆ ಬಹುಮಂದಿಯ ಕಾರು ನಿಲ್ಲುವುದೇ ಬೀದಿಯಲ್ಲಿ.

ಅಂಬಾಸಿಡರ್, ಫಿಯೆಟ್‌ಗಳ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಅವುಗಳ ಬಂಪರು ಉಕ್ಕಿನದು. ಮೇಲೆ ಕ್ರೋಮಿಯಂ ಹೊಳಪು. ಅದಕ್ಕೆ ಹೆದರಿಕೆಯಿದ್ದುದು ತುಕ್ಕಿನದು. 1954ರಲ್ಲಿ ಇಟಲಿಯ ರಸಾಯನವಿಜ್ಞಾನಿ ಜೂಲಿಯೊ ನಟ್ಟಾ ಪಾಲಿಪ್ರೊಪಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ರೂಪಿಸಿದರು. 1963ರಲ್ಲಿ ಜರ್ಮನಿಯ ಕಾರ್ಲ್ ತ್ಸೀಗ್ಲರ್ ಅವರೊಡನೆ ನೊಬೆಲ್ ಬಹುಮಾನವನ್ನೂ ಹಂಚಿಕೊಂಡರು. ಹಗುರವಾದ, ಅಗ್ಗವಾದ, ತುಕ್ಕು ಹಿಡಿಯದ ಈ ವಸ್ತು ಕ್ರಮೇಣ ಕಾರಿನ ಬಂಪರನ್ನೂ ಬಾಗಿಲ ಪಟ್ಟಿಯನ್ನೂ ಆಕ್ರಮಿಸಿತು. ತುಕ್ಕಿನ ಭಯ ತೊಲಗಿತು. ಬಿಸಿಲಿನ ಭಯ ಬಂದಿತು.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಕಾರಿಗೆ ಒದಗಿದ್ದು ಇದೇ ಅವಸ್ಥೆ. 2012ರಲ್ಲಿ ಕೊಂಡ ಗಾಡಿ. ಮನೆಗೆ ಷೆಡ್ಡಿಲ್ಲವಾದ್ದರಿಂದ ಗೇಟಿನ ಹೊರಗೆ ಪಡುವಣ ಬಿಸಿಲಿಗೆ ಮುಖವೊಡ್ಡಿ ನಿಲ್ಲುತ್ತದೆ. ಎಂಜಿನ್ ಒಂದೇ ಕೂಗಿಗೆ ಓಗೊಡುತ್ತದೆ. ಮೈಬಣ್ಣವೂ ತಕ್ಕಮಟ್ಟಿಗೆ ಉಳಿದಿದೆ. ಬಂಪರು, ಪಕ್ಕದ ಕನ್ನಡಿಯ ಚಿಪ್ಪು, ಮುಂಗಾಜಿನ ಬುಡದ ಪಟ್ಟಿ ಮಾತ್ರ ವಿಭೂತಿ ಬಳಿದುಕೊಂಡಂತೆ ಕಾಣುತ್ತಿದ್ದವು.

ದೀಪಾವಳಿಗೆಂದು ಪುಣೆಯಿಂದ ಬಂದ ಮಗ ಗಾಡಿಗೊಂದು ಪ್ರದಕ್ಷಿಣೆ ಹಾಕಿ, "ಅಪ್ಪ, ಇದಕ್ಕೆ ವಯಸ್ಸಾಯ್ತು. ಕೊಟ್ಬಿಡೋಣ. ಎಲ್ಲಿಗೆ ಬೇಕಾದ್ರೂ ಟ್ಯಾಕ್ಸಿ ಬರತ್ತೆ" ಎಂದ. ಅವನು ನೋಡಿದ್ದು ಬಂಪರನ್ನು. ಹೇಳಿದ್ದು ಯಾರನ್ನು ಕುರಿತು ಎಂಬುದು 68ರ ತಂದೆಗೆ ತಿಳಿಯದೆ ಹೋಗಲಿಲ್ಲ. ತುಮಕೂರಿನಲ್ಲಿ ಒಂಟಿಯಾಗಿರುವ ನಾದಿನಿಯನ್ನು ನೋಡಲು ಗಂಡಹೆಂಡಿರು ಪ್ರತಿ ಗುರುವಾರ ಹೋಗಿಬರುವುದು ಆ ಗಾಡಿಯಲ್ಲೇ. ಗಾಡಿ ಹೋದರೆ ಗುರುವಾರವೂ ಹೋದಂತೆ. ಮಗ ಊರಿಗೆ ಮರಳಿದ ಮರುದಿನವೇ ಯಜಮಾನರು ಬಂಪರನ್ನು ಕಪ್ಪಾಗಿಸುವ ಸಂಕಲ್ಪ ತೊಟ್ಟರು.

ನೆರೆಮನೆಯವರು ಕೊಬ್ಬರಿ ಎಣ್ಣೆಯನ್ನು ಸೂಚಿಸಿದರು. ಬಟ್ಟೆಯ ಚೂರಿನಿಂದ ತಿಕ್ಕಿದ್ದೇ ತಡ, ಬಂಪರು ಕೋಗಿಲೆಯಂತೆ ಕಪ್ಪಾಯಿತು. ಬಚ್ಚಲುಮನೆಯ ಸೀಸೆ ಬರಿದಾದುದನ್ನು ಕಂಡ ಮನೆಯಾಕೆ, "ಏನೂಂದ್ರೆ, ತಲೆಗೆ ಹಚ್ಚೋ ಎಣ್ಣೆ ಗಾಡಿಗೂ ಶುರುವಾಯ್ತೇ? ನಾಳೆ ಅದಕ್ಕೆ ಸೀಗೇಪುಡೀನೂ ಕೇಳ್ತೀರಿ!" ಎಂದರು. ಆ ಮಾತು ಸುಳ್ಳಾಗಲಿಲ್ಲ. ಮೂರನೆಯ ದಿನಕ್ಕೆ ರಸ್ತೆಯ ಧೂಳೆಲ್ಲ ಎಣ್ಣೆಗೆ ಅಂಟಿ ಬಂಪರು ಕಂದುಬಣ್ಣಕ್ಕೆ ತಿರುಗಿತು. ಅದನ್ನು ಸೋಪಿನಿಂದ ತೊಳೆದ ಮೇಲೆ ಮತ್ತೆ ಅದೇ ವಿಭೂತಿ.

ಎಣ್ಣೆಯ ಈ ಮಾಯೆ ಹೊಸದೇನಲ್ಲ. ಮಕ್ಕಳ ಸ್ಲೇಟು ಒಣಗಿದಾಗ ಬೂದು, ಒದ್ದೆಬಟ್ಟೆ ಎಳೆದಾಗ ಕಪ್ಪು. ಗರ್ಭಗುಡಿಯ ಶಿಲಾಮೂರ್ತಿ ತೈಲಾಭಿಷೇಕವಾದೊಡನೆ ನೀಲಮೇಘದಂತೆ ಕಂಗೊಳಿಸುವುದೂ ಇದೇ ಕಾರಣದಿಂದ. ಒರಟಾದ ಮೇಲ್ಮೈ ಬೆಳಕನ್ನು ದಿಕ್ಕುದಿಕ್ಕಿಗೆ ಚೆದರಿಸುತ್ತದೆ; ಚೆದರಿದ ಬೆಳಕು ಕಣ್ಣಿಗೆ ಬಿಳುಪಾಗಿ ತೋರುತ್ತದೆ. ನೀರೋ ಎಣ್ಣೆಯೋ ಆ ಒರಟನ್ನು ತುಂಬಿದಾಗ ಬೆಳಕು ಒಳಗಿಳಿಯುತ್ತದೆ, ಕಪ್ಪು ಮರಳುತ್ತದೆ. ಮಳೆಯಲ್ಲಿ ನೆನೆದ ಹಳೆಯ ಕಾರು ಹರೆಯದ್ದಾಗಿ ಕಾಣುವ ಗುಟ್ಟು ಇಷ್ಟೇ.

ಒರಟುತನ ಬರುವುದು ಬಿಸಿಲಿನಿಂದ. ಸೂರ್ಯನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದುದ್ದದ ಅಣುಸರಪಳಿಗಳನ್ನು ತುಂಡರಿಸುತ್ತವೆ. ತುಂಡಾದ ಕಡೆ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ. ಮೇಲ್ಪದರ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರುಕುಬಿಡುತ್ತದೆ. ತಯಾರಕರು ಇದನ್ನು ಅರಿಯದವರಲ್ಲ. ಕಾಡಿಗೆಯಂಥ ಇಂಗಾಲದ ಮಸಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸುವುದು ಬಣ್ಣಕ್ಕಾಗಿ ಮಾತ್ರವಲ್ಲ, ಆ ಕಿರಣಗಳನ್ನು ಹೀರಲಿ ಎಂದೂ ಹೌದು. ಆದರೆ ಹೊರಚರ್ಮವನ್ನು ಕಾಯುವ ಶಕ್ತಿ ಮಸಿಗೂ ಪೂರ್ಣವಾಗಿಲ್ಲ. ಸಮಾಧಾನದ ಸಂಗತಿಯೆಂದರೆ, ತಲೆಗೂದಲು ಬುಡದಿಂದಲೇ ನರೆತು ಬರುತ್ತದೆ. ಬಂಪರು ನರೆಯುವುದು ಮೇಲ್ಪದರದಲ್ಲಿ ಮಾತ್ರ. ಒಳಗೆ ಅದು ಕೊಂಡ ದಿನದಷ್ಟೇ ಕಪ್ಪು.

ಇದನ್ನೆಲ್ಲ ಯಜಮಾನರಿಗೆ ತಿಳಿಸಿದವರು ಮೋಟಾರು ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯ ಅಂಗಡಿಯವರೊಬ್ಬರು. "ಮೊದಲು ನೀರು ಚಿಮುಕಿಸಿ ನೋಡಿ, ಸ್ವಾಮಿ. ಕಪ್ಪಾಗಿ, ಒಣಗಿದ ಮೇಲೆ ಮತ್ತೆ ಬೂದಾದರೆ ಬಿಸಿಲಿನ ಕಾಟ. ಪಟ್ಟಿಯ ಅಂಚಿನಲ್ಲಷ್ಟೇ ಬಿಳಿ ಗೆರೆ ಇದ್ದರೆ ಅದು ಮೈಗೆ ಹಚ್ಚಿದ ಪಾಲಿಷ್ ಮೆತ್ತಿಕೊಂಡಿರೋದು, ಉಜ್ಜಿದರೆ ಹೋಗುತ್ತೆ" ಎಂದರು. ಉಪಾಯಗಳನ್ನೂ ಒಂದೊಂದಾಗಿ ವಿವರಿಸಿದರು. ಸಿಲಿಕೋನ್ ಲೇಪ ಹಚ್ಚುವುದು ಸುಲಭ; ಆದರೆ ಕೆಲವೇ ವಾರಗಳ ಸುಖ. ಬಿಸಿಗಾಳಿಯ ಗನ್ನು ಹಿಡಿದರೆ ಮೇಲ್ಪದರ ಮೆತ್ತಗಾಗಿ, ಬಿರುಕು ಕೂಡಿ, ಕಪ್ಪು ತಾನಾಗಿ ಮರಳುತ್ತದೆ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ವಸ್ತು. ಕೈ ಒಂದು ಗಳಿಗೆ ನಿಂತರೆ ಬಂಪರು ಸೊಟ್ಟ, ಪಕ್ಕದ ಬಣ್ಣ ಬೊಬ್ಬೆ. ಮೂರನೆಯದು, ಹಚ್ಚಿದ ಮೇಲೆ ಗಟ್ಟಿಯಾಗಿ ಕೂರುವ ರಕ್ಷಕ ಲೇಪ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ಯಜಮಾನರು ಮೂರನೆಯದನ್ನೇ ಆರಿಸಿದರು. ಸೋಪುನೀರು, ಮೆತ್ತನೆಯ ಬ್ರಷ್ಷಿನಿಂದ ಎಣ್ಣೆಯ ಪಸೆ ಹೋಗುವವರೆಗೆ ತೊಳೆದರು, ನೆರಳಿನಲ್ಲಿ ಸಂದುಗೊಂದುಗಳೆಲ್ಲ ಒಣಗುವಷ್ಟು ಕಾದರು, ಸ್ಪಿರಿಟ್ಟಿನಲ್ಲಿ ಒರೆಸಿದರು, ಬಣ್ಣದ ಅಂಚಿಗೆ ಕಾಗದದ ಟೇಪು ಅಂಟಿಸಿದರು. ಆಮೇಲೆ ತೆಳ್ಳಗೆ ಲೇಪಿಸಿ, ಹೆಚ್ಚಾದುದನ್ನು ಒರೆಸಿ ತೆಗೆದರು. ಹಚ್ಚಿದ್ದು ಅರ್ಧ ಗಂಟೆ. ಅದಕ್ಕೆ ಮುಂಚಿನ ಸಿದ್ಧತೆಯೇ ಎರಡು ದಿನ.

ಯುಗಾದಿಗೆ ಬಂದ ಮಗ ಬೆರಗಾದ. "ಹೊಸ ಗಾಡಿ ಹಾಗಿದೆಯಲ್ಲಪ್ಪ!" ಎಂದ. ತಂದೆಯ ಮುಖದಲ್ಲಿ ವಿಜಯದ ನಗೆ ಮೂಡುವಷ್ಟರಲ್ಲಿ ಮನೆಯಾಕೆ ಮೆಲ್ಲಗೆ, "ಹೊರಗಿಂದು ಆಯ್ತು. ಇನ್ನು ಕಣ್ಣು ತೋರಿಸಿಬಿಡಿ. ಮುಸ್ಸಂಜೆ ತುಮಕೂರಿಂದ ಬರೋವಾಗ ಎದುರು ಗಾಡಿ ದೀಪಕ್ಕೆ ನೀವು ತಡಬಡಾಯಿಸೋದು ನನಗೆ ಕಾಣಲ್ವೇ?" ಎಂದರು. ಮನೆಯಲ್ಲಿ ಯಾರೂ ಕೆಲಕಾಲ ಮಾತಾಡಲಿಲ್ಲ. ಮಗನ ಭಯಕ್ಕೆ ಆಧಾರವಿತ್ತು. ಅದು ಬಂಪರಿನಲ್ಲಿರಲಿಲ್ಲ ಅಷ್ಟೆ.

ವೈದ್ಯರು ಪರೀಕ್ಷಿಸಿ ಪೊರೆಯೆಂದರು. ಕಣ್ಣಿನ ಮಸೂರದೊಳಗಿನ ಪ್ರೋಟೀನು ಹೆಪ್ಪುಗಟ್ಟಿ ಬೆಳಕನ್ನು ಚೆದರಿಸುತ್ತದೆ ಎಂದು ಅವರು ವಿವರಿಸಿದಾಗ, ಯಜಮಾನರಿಗೆ ಪಾಠ ಎಲ್ಲೋ ಕೇಳಿದ್ದೆನಿಸಿತು. ವ್ಯತ್ಯಾಸವಿಷ್ಟೇ: ಇದು ಒಳಗಿನ ಬಿಳುಪು, ಎಣ್ಣೆಗೂ ಲೇಪಕ್ಕೂ ಬಗ್ಗದು. ಮಸೂರವನ್ನೇ ತೆಗೆದು ಪ್ಲಾಸ್ಟಿಕ್ಕಿನದನ್ನು ಕೂರಿಸಬೇಕು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲು ಮಾಡಿ ತೋರಿಸಿದ ಚಿಕಿತ್ಸೆ ಅದು. "ಡಾಕ್ಟರೇ, ಇದೂ ಬಿಸಿಲಿಗೆ ಬಿಳುಪೇರುವುದಿಲ್ಲ ತಾನೆ?" ಎಂದು ಯಜಮಾನರು ಕೇಳಿದರು. ವೈದ್ಯರು ನಕ್ಕು, ಅದು ಬೇರೆ ಜಾತಿಯ ಪ್ಲಾಸ್ಟಿಕ್ಕೆಂದು ಅಭಯವಿತ್ತರು.

ಎರಡೂ ಕಣ್ಣುಗಳ ಶಸ್ತ್ರಚಿಕಿತ್ಸೆ ಮುಗಿದು ವೈದ್ಯರು ಒಪ್ಪಿಗೆ ಕೊಡುವವರೆಗೆ ಗುರುವಾರದ ಪ್ರಯಾಣ ಟ್ಯಾಕ್ಸಿಯಲ್ಲೇ ನಡೆಯಿತು. ಹಣ ಕೊಟ್ಟವನು ಮಗ. ಗಾಡಿ ಮಾರುವ ಮಾತನ್ನು ಅವನು ಸದ್ಯಕ್ಕೆ ಎತ್ತಿಲ್ಲ. ನೋಂದಣಿಯ 15 ವರ್ಷ 2027ಕ್ಕೆ ತುಂಬುತ್ತದೆ. ಗಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಇನ್ನೂ 5 ವರ್ಷ. 55 ದಾಟಿದ ಚಾಲಕರ ಪರವಾನಗಿಗೂ ಒಂದು ಸಲಕ್ಕೆ ದೊರೆಯುವ ಅವಧಿ ಅಷ್ಟೇ 5 ವರ್ಷ. ಗಾಡಿಯ ಬ್ರೇಕು, ದೀಪ, ಹೊಗೆಗಳನ್ನು ಅಧಿಕಾರಿಗಳು ನೋಡುತ್ತಾರೆ. ಯಜಮಾನರ ಕಣ್ಣನ್ನು ವೈದ್ಯರು ನೋಡುತ್ತಾರೆ. ಬಂಪರಿನ ಕಪ್ಪನ್ನು ನೋಡಲು ಬೀದಿಯ ಜನ ಇದ್ದೇ ಇದ್ದಾರೆ.