ಕಂಡ ಕುಸಿತವನ್ನು ಯಾರಿಗೆ ಹೇಳಬೇಕು?

ಕಾಕನಕೋಟೆಯ ಕಾಡಂಚಿನ ಊರುಗಳಲ್ಲಿ ಹೊಲಕ್ಕೂ ಕಾಡಿಗೂ ನಡುವೆ ಆನೆ ಕಂದಕವಿರುತ್ತದೆ. ಮಳೆಗೆ ಅದರ ದಂಡೆ ಕುಸಿದರೆ ಆ ರಾತ್ರಿಯೇ ರಾಗಿಯ ಹೊಲ ಆನೆಗಳ ಪಾಲಾಗಬಹುದು. ಆದುದರಿಂದ ಕುಸಿತವನ್ನು ಕಂಡವನ ಹೊಣೆ ಸಣ್ಣದಲ್ಲ. ಅಂತಹ ಊರೊಂದರ ರೈತನ ಮಗ, ಮೈಸೂರಿನಲ್ಲಿ ಗಣಕಯಂತ್ರದ ವೃತ್ತಿಯಲ್ಲಿರುವ ಯುವಕ, ಬೇರೊಂದು ಬಗೆಯ ಕುಸಿತವನ್ನು ಕಂಡನು.

ಅಂತರಜಾಲವನ್ನು ನೋಡಲು ಬಳಸುವ ಬ್ರೌಸರಿಗೆ ಎಕ್ಸ್‌ಟೆನ್ಷನ್ ಎಂಬ ಸಣ್ಣ ತಂತ್ರಾಂಶಗಳನ್ನು ಜೋಡಿಸಿಕೊಳ್ಳಬಹುದು. ಕಾಗುಣಿತ ತಿದ್ದುವುದು, ಜಾಹೀರಾತು ತಡೆಯುವುದು, ಪಾಸ್‌ವರ್ಡ್ ನೆನಪಿಡುವುದು ಇವುಗಳ ಕೆಲಸ. ಅದಕ್ಕಾಗಿ ಇವುಗಳಲ್ಲಿ ಅನೇಕವು ಬಳಕೆದಾರನು ತೆರೆಯುವ ಪ್ರತಿಯೊಂದು ಪುಟವನ್ನೂ ಓದುವ, ಬದಲಿಸುವ ಅನುಮತಿ ಕೇಳುತ್ತವೆ. ಬ್ಯಾಂಕಿನ ಪುಟವೂ ಅದರಲ್ಲಿ ಸೇರಿದೆ. ಹೀಗೆ ಕೊಟ್ಟ ಅನುಮತಿ ಒಂದು ನ್ಯಾಸ. ನಂಬಿ ಇಟ್ಟ ಒಡವೆ.

ಸಣ್ಣ ಕಂಪನಿಯೊಂದರ ಎಕ್ಸ್‌ಟೆನ್ಷನ್, ಆಜ್ಞೆ ಕೊಡುತ್ತಿರುವವರು ಯಾರೆಂದು ವಿಚಾರಿಸದೆಯೇ ಯಾವ ಪುಟದ ಆಜ್ಞೆಯನ್ನಾದರೂ ಪಾಲಿಸುವುದನ್ನು ಆತ ಗಮನಿಸಿದನು. ಕೆಟ್ಟ ಪುಟವೊಂದನ್ನು ತೆರೆದರೆ ಸಾಕು, ಒಡವೆ ಕಳ್ಳನ ಕೈಸೇರುತ್ತಿತ್ತು. ತನ್ನದೇ ಯಂತ್ರದಲ್ಲಿ, ತನ್ನದೇ ಖಾತೆಯ ಮೇಲೆ ಮಾತ್ರ ಪರೀಕ್ಷಿಸಿ ಕಂಪನಿಗೆ ಪತ್ರ ಬರೆದನು. ಮೂರು ವಾರ ಕಳೆದರೂ ಉತ್ತರವಿಲ್ಲ.

ಗೆಳೆಯನೊಬ್ಬನು, "ಎಲ್ಲವನ್ನೂ ಬಯಲು ಮಾಡು, ಓಡಿ ಬರುತ್ತಾರೆ, ನಿನಗೆ ಹೆಸರೂ ಬರುತ್ತದೆ" ಎಂದನು. ಇನ್ನೊಬ್ಬನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮನ್ನು ನೆನಪಿಸಿದನು. ಒಡೆಯನ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸಿದವನನ್ನು ಅದು ಹೊಣೆಯಾಗಿಸುತ್ತದೆ. "ಒಳ್ಳೆಯದು ಮಾಡಲು ಹೋಗಿ ಠಾಣೆಯ ಮೆಟ್ಟಿಲು ಹತ್ತಬೇಡ, ಸುಮ್ಮನಿರು" ಎಂಬುದು ಅವನ ಬುದ್ಧಿವಾದ.

ಭಾನುವಾರ ಊರಿಗೆ ಬಂದ ಮಗ ಈ ಸಂಕಟವನ್ನು ತಂದೆಯ ಮುಂದಿಟ್ಟನು. ಹಿರಿಯರಿಗೆ ಬ್ರೌಸರ್ ತಿಳಿಯದು, ಕಂದಕ ತಿಳಿದಿತ್ತು. "ನೋಡು ಮಗ, ದಂಡೆ ಕುಸಿದರೆ ಮೊದಲು ಫಾರೆಸ್ಟಿನವರಿಗೆ ಹೇಳಬೇಕು. ಅವರು ಬರಲಿಲ್ಲವೆಂದರೆ ಊರಿನವರಿಗೆ 'ಇವತ್ತು ಕಾವಲಿರಿ' ಅನ್ನಬೇಕು. ಆದರೆ ಕುಸಿದಿರುವ ಜಾಗ ಎಲ್ಲಿ ಅಂತ ಕಳ್ಳಬೇಟೆಯವನ ಕಿವಿಗೆ ಬೀಳುವ ಹಾಗೆ ಸಂತೆಯಲ್ಲಿ ಸಾರಬಾರದು ಕಣಪ್ಪ" ಎಂದರು.

ಪ್ರಪಂಚದ ಅನುಭವವೂ ಇದನ್ನೇ ಹೇಳುತ್ತದೆ. 2018ರ ಫೆಬ್ರುವರಿಯಲ್ಲಿ ಗೂಗಲ್ಲಿನ ಸಂಶೋಧಕ ಟಾವಿಸ್ ಓರ್ಮಂಡಿ, ಸುಮಾರು 2 ಕೋಟಿ 20 ಲಕ್ಷ ಜನ ಬಳಸುತ್ತಿದ್ದ ಗ್ರಾಮರ್ಲಿ ಎಕ್ಸ್‌ಟೆನ್ಷನ್‌ನಲ್ಲಿ ದೋಷವನ್ನು ಕಂಡರು. ಬಳಕೆದಾರರು ಬರೆದಿಟ್ಟ ದಾಖಲೆಗಳನ್ನು ಯಾವ ಜಾಲತಾಣ ಬೇಕಾದರೂ ಓದಬಹುದಾಗಿತ್ತು. ಅವರು ಮೊದಲು ಕಂಪನಿಗೆ ತಿಳಿಸಿದರು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂದಿತು. ವಿವರ ಆಮೇಲೆ ಹೊರಬಿದ್ದಿತು. ಅವರಿದ್ದ ಪ್ರಾಜೆಕ್ಟ್ ಝೀರೋ ತಂಡವು ತಿದ್ದಿಕೊಳ್ಳಲು ಸಾಮಾನ್ಯವಾಗಿ 90 ದಿನಗಳ ಗಡುವು ಕೊಡುತ್ತದೆ. ಗಡುವಿಲ್ಲದಿದ್ದರೆ ಉದಾಸೀನತೆಗೆ ಕೊನೆಯೇ ಇಲ್ಲ. ಕಾಯದೆ ಸಾರಿದರೆ ಮೊದಲು ನೋಯುವವರು ನಿರಪರಾಧಿಗಳಾದ ಬಳಕೆದಾರರು.

ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಎಂದರೆ ಗುಟ್ಟನ್ನು ಬಯಲು ಮಾಡುವುದು, ಸೇರಿದೆ; ನ್ಯಾಸಾಪಹಾರವೂ ಸೇರಿದೆ. ಗುಟ್ಟನ್ನು ಕಾಯುವ ನೆಪದಲ್ಲಿ ಪರರ ನ್ಯಾಸ ಕಳುವಾಗುವುದನ್ನು ನೋಡುತ್ತ ಕೂರುವುದು ವ್ರತವಾಗಲಾರದು. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬ ವಿವೇಕವೂ ಸತ್ಯದ ಅಂಗವೇ ಆಗಿದೆ.

ಯುವಕ ಕಂಪನಿಗೆ ಮತ್ತೆ ಬರೆದು 90 ದಿನಗಳ ಗಡುವನ್ನು ತಿಳಿಸಿದನು. 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೂ ವರದಿ ಕಳುಹಿಸಿದನು. ಅಕ್ಕನಿಗೂ ಸಹೋದ್ಯೋಗಿಗಳಿಗೂ "ಸದ್ಯಕ್ಕೆ ಇದನ್ನು ತೆಗೆದುಹಾಕಿ" ಎಂದನೇ ಹೊರತು ದೋಷದ ಮರ್ಮವನ್ನು ಹೇಳಲಿಲ್ಲ. ಒಂಬತ್ತನೆಯ ವಾರ ತಿದ್ದಿದ ಆವೃತ್ತಿ ಬಂದಿತು. ಅದರೊಡನೆ ಬಂದ ಪ್ರಕಟಣೆಯಲ್ಲಿ ಅವನ ಹೆಸರಿರಲಿಲ್ಲ. ಆತ ಅಂದೇ ಅಕ್ಕನಿಗೆ ಫೋನು ಮಾಡಿ, ಇನ್ನು ಹಾಕಿಕೊಳ್ಳಬಹುದೆಂದು ತಿಳಿಸಿದನು.