ಕಟ್ಟೆಯ ಕೆಳಗಣ ಮೀನು

ಗಾಳ ಹಾಕಿ ಕುಳಿತವನನ್ನು ಕಂಡರೆ ದಾರಿಹೋಕರಿಗೆಲ್ಲ ಉಪದೇಶ ಮಾಡಬೇಕೆನ್ನಿಸುತ್ತದೆ. ನೇಗಿಲು ಹಿಡಿದವನಿಗಾಗಲಿ ತಕ್ಕಡಿ ಹಿಡಿದವನಿಗಾಗಲಿ ಯಾರೂ ಬುದ್ಧಿ ಹೇಳುವುದಿಲ್ಲ. ಹೊಳೆಯ ದಂಡೆಯಲ್ಲಿ ಸುಮ್ಮನೆ ಕುಳಿತವನು ಮಾತ್ರ ಸಾರ್ವಜನಿಕರ ಸೊತ್ತು. ಅದರಲ್ಲಿಯೂ ಆತ ಕನ್ನಡದ ಉಪನ್ಯಾಸಕನಾದರೆ, "ಪಾಠ ಹೇಳುವವರಿಗೆ ಇದೆಲ್ಲ ಯಾಕೆ ಸ್ವಾಮಿ?" ಎಂಬ ಮಾತು ತಪ್ಪಿದ್ದಲ್ಲ. ಅಂಥವರಿಗೆಂದೇ ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದೇನೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದಕ್ಕೂ ಸ್ಥಾನವಿದೆ. ಯಾವ ಮೀನಿಗೆ ಯಾವ ಎರೆ ಎಂಬುದನ್ನೂ ಅಲ್ಲಿ ಹೇಳಿದೆ. ಚಕ್ರವರ್ತಿಗೆ ಸಂದದ್ದು ಉಪನ್ಯಾಸಕನಿಗೆ ಸಲ್ಲದೆ? ಸೋಮೇಶ್ವರನ ಹೆಸರೆತ್ತಿದೊಡನೆ ದಾರಿಹೋಕರು ಹೊರಟುಹೋಗುತ್ತಾರೆ. ನನಗೆ ಬೇಕಾದದ್ದೂ ಅದೇ.

ಕಳೆದ ಪುಷ್ಯಮಾಸದ ಒಂದು ಭಾನುವಾರ ನಾವು ಮೂವರು ಲಕ್ಕವಳ್ಳಿಯಲ್ಲಿ, ಭದ್ರಾ ಅಣೆಕಟ್ಟಿನ ಕೆಳಗೆ, ಅಭಯಾರಣ್ಯದ ಎಲ್ಲೆಯಾಚೆ, ಪರವಾನಗಿ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಕುಳಿತಿದ್ದೆವು. ಕೋಲಿನ ತುದಿ ಕಾಣದಷ್ಟು ಮಂಜು. ಹೊಳೆ ಇದೆಯೆನ್ನುವುದಕ್ಕೆ ಅದರ ಸದ್ದೇ ಸಾಕ್ಷಿ.

ಮೂವರಲ್ಲಿ ಒಬ್ಬರು ಲಕ್ಕವಳ್ಳಿಯ ಕಡೆಯ ಶಾಲೆಯ ಮೇಷ್ಟರು. ಇನ್ನೊಬ್ಬ ದಾವಣಗೆರೆ ಕಡೆಯವನು. ನಾಲೆಯ ನೀರಿನಲ್ಲಿ ಎಂಟು ಎಕರೆ ಬತ್ತ ಬೆಳೆಯುತ್ತಾನಾದ್ದರಿಂದ ನಮ್ಮ ಬಾಯಲ್ಲಿ ಅವನು ಸಾಹುಕಾರ. ಸಾಹುಕಾರನದು ಪೇಟೆಯಿಂದ ತಂದ ರಾಟೆಯ ಕೋಲು, ಥಳಥಳಿಸುವ ತಗಡಿನ ಮೀನು. ಮೇಷ್ಟರದು ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ರಬ್ಬರಿನಂತಾಗುವವರೆಗೆ ನಾದಿ, ನಿಂಬೆಗಾತ್ರದ ಉಂಡೆ ಕಟ್ಟಿ ಗಾಳವನ್ನು ಅದರೊಳಗೆ ಅಡಗಿಸುವುದನ್ನು ನೋಡಿದರೆ, ಆ ಮನುಷ್ಯ ಹೊಳೆಗೆ ನೈವೇದ್ಯ ಮಾಡುತ್ತಿದ್ದಾರೆಯೋ ಎನ್ನಿಸಬೇಕು. ನಾವು ಬಯಸಿದ್ದು ಮಹಶೀರ್ ಮೀನನ್ನು. ಅಂಗೈಯಗಲದ ಹುರುಪೆ, ದಪ್ಪ ತುಟಿ, ಎಳೆದರೆ ಎತ್ತಿನ ಬಲ. ಗಂಗಾಮೂಲದಲ್ಲಿ ತುಂಗೆ, ಭದ್ರೆ ಎರಡೂ ಹುಟ್ಟುತ್ತವೆ. ಶೃಂಗೇರಿಯ ತುಂಗೆಯಲ್ಲಿ ಈ ಮೀನು ದೇವರ ಮೀನು, ಮಂಡಕ್ಕಿ ತಿಂದು ಮೈ ಬೆಳೆಸಿಕೊಂಡಿದೆ. ಭದ್ರೆಯಲ್ಲಿರುವುದಕ್ಕೆ ಅಂಥ ರಕ್ಷೆಯಿಲ್ಲ.

ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ಮಹಶೀರ್ ಪ್ರವಾಹಕ್ಕೆ ಎದುರಾಗಿ ಏರಿ, ಮೇಲಣ ಮರಳು ಕಲ್ಲುಗಳ ತೆಳುನೀರಿನಲ್ಲಿ ಮೊಟ್ಟೆಯಿಡುತ್ತದೆ. 1960ರ ದಶಕದಲ್ಲಿ ಕಟ್ಟೆ ಪೂರ್ತಿಯಾಯಿತು. 186 ಅಡಿ ನೀರು ನಿಲ್ಲಿಸುವ ಗೋಡೆಯನ್ನು ಯಾವ ಮೀನು ಏರೀತು?

ಆ 186 ಎಂಬ ಅಂಕಿ ನಮ್ಮ ಜಿಲ್ಲೆಗಳಲ್ಲಿ ಪಂಚಾಂಗಕ್ಕಿಂತ ಹೆಚ್ಚು. ಸಾಹುಕಾರ ಬೆಳಗ್ಗೆ ಪತ್ರಿಕೆ ಬಿಚ್ಚಿದರೆ ಮೊದಲು ಹುಡುಕುವುದು ಭದ್ರೆಯ ಮಟ್ಟವನ್ನು. ಮೇಷ್ಟರೂ ಅದನ್ನೇ ಓದುತ್ತಾರೆ. ಅವರ ಅಜ್ಜನ ಮನೆ ಹಿನ್ನೀರಿನಡಿಯಲ್ಲಿದೆ. ಮಟ್ಟ ಒಂದಡಿ ಏರಿದರೆ ಒಬ್ಬನಿಗೆ ಒಂದಡಿ ಧೈರ್ಯ. ಇನ್ನೊಬ್ಬರಿಗೆ ಅಜ್ಜಿಯ ಒಲೆಯ ಮೇಲೆ ಇನ್ನೊಂದಡಿ ನೀರು. ಅಂದು ಮುಳುಗದೆ ಕಾಡಿನಂಚಿಗೆ ಸರಿದ ನಂಟರು, ಅಭಯಾರಣ್ಯದೊಳಗಣ ಊರುಗಳನ್ನು 2002ರ ಸುಮಾರಿಗೆ ಎಬ್ಬಿಸಿದಾಗ ಎಂ.ಸಿ. ಹಳ್ಳಿಗೆ ಬಂದರು. ಇಷ್ಟಾದರೂ ಈ ಇಬ್ಬರೂ ಒಂದೇ ಬುತ್ತಿಯ ಅವರೆಕಾಳಿನ ಉಪ್ಪಿಟ್ಟನ್ನು ತಿನ್ನುವುದನ್ನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಇಬ್ಬರಲ್ಲಿ ಯಾರ ಮಾತು ಸರಿಯೆಂದು ನನ್ನನ್ನು ಕೇಳಬೇಡಿ. ನಾನು ಉಣ್ಣುವುದೂ ನಾಲೆಯ ಅಕ್ಕಿಯನ್ನೇ.

ಹತ್ತು ಗಂಟೆಗೆ ಮಂಜು ಹರಿಯಿತು. ರೀವಹಕ್ಕಿಯೊಂದು ನೀರಿಗೆ ಸೂಜಿಯಂತೆ ಇಳಿದು ತನ್ನ ಪಾಲನ್ನು ಎತ್ತಿಕೊಂಡು ಹೋಯಿತು. ಸಾಹುಕಾರ ತಗಡಿನ ಮೀನನ್ನು ಬೈದು ಬಿಚ್ಚಿಟ್ಟು, ಮೇಷ್ಟರಿಂದ ರಾಗಿಯುಂಡೆಯನ್ನು ಸಾಲ ಪಡೆದ. ಅರ್ಧ ಗಂಟೆಯಾಗಿರಲಿಲ್ಲ, ಅವನ ರಾಟೆ ಕಿರುಗುಟ್ಟಿತು. ದಾರ ಹೊಳೆಯ ನಡುವಿಗೆ ಓಡಿತು, ನಿಂತಿತು, ಮತ್ತೆ ಓಡಿತು. ಮೊಣಕಾಲುದ್ದ ನೀರಿನಲ್ಲಿ ಅವನು ಬಂಡೆಯಿಂದ ಬಂಡೆಗೆ ಜಾರುತ್ತ, ಯಾವ ದೇವರನ್ನೂ ಬಿಡದೆ ಕರೆದ. ಕಾಲುಗಂಟೆಯ ಮೇಲೆ ಮೀನು ದಡದ ತೆಳುನೀರಿಗೆ ಬಂತು. ಮೊಳಕ್ಕಿಂತ ಉದ್ದ, ಬೆನ್ನು ಹಸಿರುಗಪ್ಪು, ಪಕ್ಕೆಯಲ್ಲಿ ಹಿತ್ತಾಳೆಯ ಹೊಳಪು. ಮೇಷ್ಟರು ಅದನ್ನು ನೀರಿನಲ್ಲಿಯೇ ಎರಡು ಕೈಯಿಂದ ಹಿಡಿದು ಗಾಳ ಬಿಡಿಸಿದರು.

"ಇದನ್ನ ಕಟ್ಟೆ ಮೇಲಕ್ಕೆ ಒಯ್ದು ಬಿಡೋಣ," ಎಂದರು.

"ಮೇಲೆ ಏನಿದೆ ಅದಕ್ಕೆ?"

"ಅದರ ತವರು."

ಸಾಹುಕಾರ ನಗಲಿಲ್ಲ. ಸಾರಿನ ಆಸೆಯಿಂದ ಬಂದವನು. ಅವನ ಕೋಲಿಗೇ ಸಿಕ್ಕಿದ ಮೀನು. ಸ್ವಲ್ಪ ಹೊತ್ತು ನಿಂತವನು ಬಕೆಟ್ಟು ತಂದ. ಮೀನಿನ ಬಾಲ ಅರ್ಧ ಹೊರಗೇ ಉಳಿಯಿತು. ಒಂದು ಹೊಡೆತಕ್ಕೆ ನೀರೆಲ್ಲ ನಮ್ಮ ಮೈಮೇಲೆ. ಮನೆ ಮುಳುಗಿದವರಿಗೆ ಪರಿಹಾರ ಸಿಕ್ಕಿತು, ಸಾಲದಾದರೂ ಸಿಕ್ಕಿತು. ಈ ಜಾತಿಯ ಪರವಾಗಿ ಅರ್ಜಿ ಬರೆದವರು ಯಾರು? ಅರವತ್ತು ವರ್ಷದ ಬಾಕಿಯನ್ನು ಒಂದು ಬಕೆಟ್ಟಿನಲ್ಲಿ ತೀರಿಸುವುದಾಗಲಿಲ್ಲ.

"ಇಲ್ಲೇ ಬಿಟ್ಬಿಡಿ ಮೇಷ್ಟ್ರೇ, ಸತ್ತುಹೋದೀತು," ಎಂದವನು ಸಾಹುಕಾರನೇ.

ಮೇಷ್ಟರು ಮೀನಿನ ಮುಖವನ್ನು ಹರಿವಿಗೆ ಎದುರಾಗಿ ತಿರುಗಿಸಿ, ಅದಕ್ಕೆ ಉಸಿರು ಬರುವವರೆಗೆ ಹಿಡಿದಿದ್ದು ಕೈ ಸಡಿಲಿಸಿದರು. ಅದು ಮೇಲಕ್ಕೇ ಹೋಯಿತು, ಕಟ್ಟೆಯ ದಿಕ್ಕಿಗೆ.

ಕೈ ಒರೆಸಿಕೊಳ್ಳುತ್ತ ಸಾಹುಕಾರ ಕೇಳಿದ: "ಬೇಸಿಗೆ ಬೆಳೆಗೆ ನಾಲೆಗೆ ನೀರು ಯಾವತ್ತು ಬಿಡ್ತಾರಂತೆ?"

"ಬರೋ ವಾರ ಅಂತಾರೆ," ಎಂದರು ಮೇಷ್ಟರು. ಉಳಿದ ರಾಗಿಯುಂಡೆಗಳನ್ನು ಒಂದೊಂದಾಗಿ ಹೊಳೆಗೆ ಎಸೆದರು.