ಹಳೇ ಬೇಸ್ ಗಿಟಾರಿನ ನ್ಯಾಯಬೆಲೆ

ಊರಿನಿಂದ ಯಾರಾದರೂ ಕುವೈತಿಗೆ ಬಂದರೆ ನಾವು ಸಾಮಾನ್ಯವಾಗಿ ತೋರಿಸುವುದು ಕುವೈತ್ ಟವರ್ಸ್, ಗ್ರ್ಯಾಂಡ್ ಮಸೀದಿ ಮತ್ತು ಮುಬಾರಕಿಯಾ ಸೂಕ್. ಆದರೆ ಈ ಊರಿನ ನಾಡಿ ಹಿಡಿದು ನೋಡಬೇಕೆಂದರೆ ಅಲ್ ರಾಯ್‌ನ ಸೂಕ್ ಅಲ್ ಜುಮಾಕ್ಕೆ, ಅಂದರೆ ಶುಕ್ರವಾರದ ಸಂತೆಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಕಾರ್ಪೆಟ್, ಮಂಚ, ಸೈಕಲ್, ಪಿಂಗಾಣಿ, ಹಳೇ ಟೇಪ್ ರೆಕಾರ್ಡರ್ ಎಲ್ಲವೂ ಅಲ್ಲಿ ಒಂದೇ ಸೂರಿನಡಿ. ಕೆಲಸ ಮುಗಿಸಿ ಊರಿಗೆ ಮರಳುವ ಎಷ್ಟೋ ಸಂಸಾರಗಳ ಸಾಮಾನು ಕೊನೆಗೆ ಬಂದು ಸೇರುವುದು ಇಂಥ ಕಡೆಗೇ. ಯಾವ ವಸ್ತುವಿಗೂ ಬೆಲೆಯ ಚೀಟಿ ಇಲ್ಲ. "ಕಮ್?" ಎಂದು ಕೇಳಬೇಕು, ಅವರು ಹೇಳಿದ್ದನ್ನು ಅರ್ಧ ಮಾಡಬೇಕು.

ಬೆಲೆ ಕಟ್ಟುವ ವಿದ್ಯೆ ಕುವೈತಿಗೆ ಹೊಸದಲ್ಲ. ಎಣ್ಣೆ ಸಿಗುವ ಮೊದಲು ಇಲ್ಲಿನವರು ಸಮುದ್ರಕ್ಕೆ ಧುಮುಕಿ ಮುತ್ತು ತೆಗೆದು ಮುಂಬಯಿಯಲ್ಲಿ ಮಾರುತ್ತಿದ್ದರು. ಕೊಲ್ಲಿಯ ಮುತ್ತಿನ ವ್ಯಾಪಾರಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಿದ್ದರಂತೆ. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಅಡಿಯಲ್ಲಿ ಮಾಡುವುದೂ ಇದನ್ನೇ ತಾನೆ! 1961ರಲ್ಲಿ ದಿನಾರ್ ಬರುವವರೆಗೆ ಇಲ್ಲಿ ಚಲಾವಣೆಯಲ್ಲಿ ಇದ್ದದ್ದೂ ರೂಪಾಯಿಯೇ.

ಇಷ್ಟು ಪೀಠಿಕೆ ಹಾಕಲು ಕಾರಣ, ಈಚೆಗೆ ನನ್ನ ಪಾಲಿಗೆ ಬಂದ ಒಂದು ಪಂಚಾಯಿತಿ. ಮಂಗಳೂರಿನ ಹಿರಿಯ ಮಿತ್ರರೊಬ್ಬರು ಎಂಬತ್ತರ ದಶಕದಲ್ಲಿ ಇಲ್ಲಿನ ಹೋಟೆಲೊಂದರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸಲು ಬಂದವರು. ಈಗ ಅರವತ್ತು ದಾಟಿದೆ, ಫೈನಲ್ ಎಕ್ಸಿಟ್ ಆಗಿ ಊರಿಗೆ ಹೊರಟಿದ್ದಾರೆ. ಅವರ ಹಳೇ ಫೆಂಡರ್ ಪ್ರಿಸಿಷನ್ ಬೇಸ್‌ಗೆ ವ್ಯಾಪಾರಿಯೊಬ್ಬ 120 ದಿನಾರ್ ಎಂದ. ಇವರ ಮನಸ್ಸಿನಲ್ಲಿದ್ದದ್ದು 900. ನಡುವೆ ಶಿವಮೊಗ್ಗದ ಒಬ್ಬ ಲ್ಯಾಬ್ ಟೆಕ್ನಿಷಿಯನ್ ಹುಡುಗ, "ಅಂಕಲ್, ನ್ಯಾಯವಾದ ಬೆಲೆ ಹೇಳಿ, ನಾನೇ ತಗೋತೀನಿ" ಎಂದ. ವೈದ್ಯಕೀಯ ಕಾಲೇಜಿನ ಆರ್ಕೆಸ್ಟ್ರಾದಲ್ಲಿ ನಾನು ಬೇಸ್ ನುಡಿಸಿದ್ದೆನೆಂಬ ಒಂದೇ ಅರ್ಹತೆಯ ಮೇಲೆ ಇಬ್ಬರೂ, "ಡಾಕ್ಟ್ರೇ, ನೀವೇ ಒಂದು ಮಾತು ಹೇಳಿಬಿಡಿ" ಎಂದರು.

ಬೇಸ್ ಗಿಟಾರ್ ಎಂದರೆ ಯಾವುದು ಎನ್ನುವವರು 1981ರ 'ಗೀತಾ' ಚಿತ್ರದ ಹಾಡುಗಳನ್ನು ಮತ್ತೊಮ್ಮೆ ಕೇಳಿ. ಇಳಯರಾಜಾ ಅವರ ಆ ಹಾಡುಗಳ ತಳದಲ್ಲಿ ಗುಂಯ್‌ಗುಡುತ್ತಾ ನಡೆಯುವ ನಾಲ್ಕು ತಂತಿಯ ವಾದ್ಯವೇ ಅದು. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ತಂದರು. ವೀಣೆಗೆ ಇದ್ದಂತೆ ಇದಕ್ಕೂ ಮೆಟ್ಟುಗಳಿರುವುದರಿಂದ ಬೆರಳು ಇಟ್ಟಲ್ಲಿ ಸ್ವರ ಖಚಿತ, ಅದಕ್ಕೇ ಆ ಹೆಸರು.

ನಮ್ಮ ವೃತ್ತಿಯಲ್ಲಿ ರೋಗಿಯನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಪೂರ್ವವೃತ್ತಾಂತ ಕೇಳು, ಆಮೇಲೆ ಕಣ್ಣಿನಿಂದ ನೋಡು, ಮುಟ್ಟು, ತಟ್ಟು, ಕೊನೆಗೆ ಆಲಿಸು. ಅದೇ ಕ್ರಮ ಹಿಡಿದೆ.

ವೃತ್ತಾಂತ ರೋಚಕವಾಗಿತ್ತು. 1986ರಲ್ಲಿ ಊರಿಗೆ ಹೊರಟಿದ್ದ ಇನ್ನೊಬ್ಬ ವಾದಕರಿಂದ ಕೊಂಡದ್ದು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ನುಗ್ಗಿದಾಗ, ಅಮ್ಮಾನ್ ಮೂಲಕ ಭಾರತಕ್ಕೆ ಮರಳಿದ ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ಇವರೂ ಒಬ್ಬರು. ಗಿಟಾರ್ ಮಾತ್ರ ಕಟ್ಟಡದ ಸ್ಟೋರ್ ರೂಮಿನಲ್ಲಿ ಉಳಿಯಿತು. 1992ರಲ್ಲಿ ಬಂದು ನೋಡಿದರೆ ಪೆಟ್ಟಿಗೆಯೊಳಗೆ ಹಾಗೆಯೇ ಇತ್ತಂತೆ. ಮೈತುಂಬ ಗೀರು ಬಿದ್ದಿದ್ದರಿಂದ ಶುವೈಖ್‌ನ ಗ್ಯಾರೇಜೊಂದರಲ್ಲಿ ಕಾರಿಗೆ ಹೊಡೆಯುವ ಕಪ್ಪು ಪೇಂಟ್ ಹೊಡೆಸಿದರು.

ಎತ್ತಿನ ವಯಸ್ಸು ಹಲ್ಲಿನಲ್ಲಿ ತಿಳಿಯುವಂತೆ ಇದರ ವಯಸ್ಸಿಗೂ ಗುರುತುಗಳಿವೆ. 1976ರಿಂದ ಫೆಂಡರ್ ಕಂಪನಿ ಕ್ರಮಸಂಖ್ಯೆಯನ್ನು ತಲೆಯ ಭಾಗದಲ್ಲಿ ಮುದ್ರಿಸತೊಡಗಿತು. ಇದರಲ್ಲಿ 'ಎಸ್ 7' ಎಂದಿತ್ತು, ಅಂದರೆ ಎಪ್ಪತ್ತರ ದಶಕದ ಏಳನೆಯ ವರ್ಷ. ಆದರೆ ತಲೆಯ ಸಂಖ್ಯೆಯೊಂದನ್ನೇ ನಂಬಬಾರದು, ಕುತ್ತಿಗೆಯನ್ನು ಬದಲಾಯಿಸಿರಬಹುದು. ಒಳಗಿನ ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೂ ಅಂಕಿಗಳಿರುತ್ತವೆ. ಮೊದಲ ಮೂರು ತಯಾರಕರ ಗುರುತು, ಉಳಿದವು ವರ್ಷ ಮತ್ತು ವಾರ. ಇಲ್ಲಿಯೂ 1977 ಸಿಕ್ಕಿತು. ಬೆಸುಗೆ ಒಂದು ಕಡೆ ಬಿಟ್ಟರೆ ಉಳಿದೆಲ್ಲವೂ ಕಾರ್ಖಾನೆಯದೇ.

ಮುಂದೆ ಕುತ್ತಿಗೆ. ಹೊರಗೆ ಉರಿಬಿಸಿಲು, ಒಳಗೆ ಎ.ಸಿ. 2016ರ ಜುಲೈನಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದು ನಿಮಗೂ ನೆನಪಿರಬಹುದು. ಇಂಥ ಹವೆಯಲ್ಲಿ ಮರ ತೇವ ಕಳೆದುಕೊಂಡು ಬಾಗುತ್ತದೆ. ಅದನ್ನು ಸರಿಪಡಿಸಲೆಂದೇ ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಅದರ ತಿರುಪು ಜಾಮ್ ಆಗಿದ್ದರೆ ಗಿಟಾರಿನ ಬೆಲೆ ಪಾತಾಳಕ್ಕೆ. ಕಾಲು ಸುತ್ತು ತಿರುಗಿಸಿ ಕಾದೆವು, ಕುತ್ತಿಗೆ ನೆಟ್ಟಗಾಯಿತು. ಹುಡುಗನ ಮುಖ ಅರಳಿತು.

ಬೆರಳಾಡುವ ಹಲಗೆ ನಮ್ಮ ಬೀಟೆ ಮರದ್ದು. ಬ್ರೆಜಿಲ್‌ನ ಬೀಟೆಯ ಬದಲು ಭಾರತದ ಬೀಟೆಯನ್ನು ಫೆಂಡರ್ ಅರವತ್ತರ ದಶಕದಿಂದಲೇ ಬಳಸುತ್ತಿತ್ತು. ಪಶ್ಚಿಮ ಘಟ್ಟದ ಮರ ಅಮೆರಿಕಕ್ಕೆ ಹೋಗಿ, ಗಿಟಾರಾಗಿ ಕುವೈತಿಗೆ ಬಂದು, ಕನ್ನಡಿಗರ ಕೈ ಸೇರಿದೆ! ಅಲ್ಲಿ ಬೆರಳಾಡಿ ಸವೆದದ್ದು ದೋಷವಲ್ಲ. ಮೆಟ್ಟು ಸವೆದಿದ್ದರೆ ಹೊಸದು ಹಾಕಿಸಬಹುದು, ವೀಣೆಗೆ ಮತ್ತೆ ಮೇಳ ಕಟ್ಟಿಸಿದಂತೆ. ನುಡಿಸಿ ಸವೆದದ್ದು ಬೇರೆ, ಕೆಟ್ಟದ್ದು ಬೇರೆ. ಈ ಭೇದ ತಿಳಿಯದವರು ಮಾರುವಾಗಲೂ ಕೊಳ್ಳುವಾಗಲೂ ಮೋಸ ಹೋಗುತ್ತಾರೆ.

ಕಷ್ಟವಾದದ್ದು ಬಣ್ಣದ ವಿಷಯ. ತಂತಿಯ ಕೆಳಗಿನ ತಗಡು ಬಿಚ್ಚಿದಾಗ ಕಪ್ಪಿನಡಿಯಲ್ಲಿ ಮೂಲ ಬಣ್ಣ ಇಣುಕಿತು, ಅಂಚಿನಲ್ಲಿ ಕಂದು, ನಡುವೆ ಹಳದಿ. ಹಳೆಯ ವಾದ್ಯ ಸಂಗ್ರಹಿಸುವವರಿಗೆ ಮೂಲ ಬಣ್ಣವೇ ಮುಖ್ಯ. ಗೀರು ಎಷ್ಟಿದ್ದರೂ ಸಹಿಸುತ್ತಾರೆ, ಮೇಲೆ ಬಣ್ಣ ಹೊಡೆದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪ್ರೀತಿಯಿಂದ ಮಾಡಿಸಿದ ಕೆಲಸವೇ ಬೆಲೆ ತಗ್ಗಿಸಿತು ಎಂದು ಅವರಿಗೆ ಹೇಗೆ ಹೇಳುವುದು? ಕಹಿ ಸುದ್ದಿಯನ್ನು ಕಾರಣ ಸಮೇತ, ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕೆಂದು ನಮ್ಮ ಗುರುಗಳು ಕಲಿಸಿದ್ದರು. ಹಾಗೆಯೇ ಹೇಳಿದೆ.

"ಯುದ್ಧ ಕಂಡ ಗಿಟಾರ್ ಡಾಕ್ಟ್ರೇ, ಅದಕ್ಕೆ ಬೆಲೆ ಇಲ್ವಾ?" ಎಂದರು.

"ಅದು ನಿಮಗೆ ಅಮೂಲ್ಯ. ಆದರೆ ರಸೀದಿಯಾಗಲಿ ಹಳೆಯ ಫೋಟೋ ಆಗಲಿ ಇಲ್ಲದೆ ಮಾರುಕಟ್ಟೆ ಕಥೆಗೆ ದುಡ್ಡು ಕೊಡುವುದಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಮೂವರೂ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು. ಮಾರುವವರು ಕೇಳುವ ಬೆಲೆಯನ್ನು ಬದಿಗಿಟ್ಟು, ಅದೇ ವರ್ಷದ ಗಿಟಾರ್‌ಗಳು ನಿಜವಾಗಿ ಮಾರಾಟವಾದ ಬೆಲೆಗಳನ್ನಷ್ಟೇ ತೆಗೆದುಕೊಂಡೆವು. ಏನೂ ಬದಲಾಗದ ಗಿಟಾರ್‌ಗೆ ಸುಮಾರು 700 ದಿನಾರ್. ಬಣ್ಣಕ್ಕೆ ಅರ್ಧ ಕಳೆದರೆ 350. ಮೆಟ್ಟು ಮತ್ತು ಬೆಸುಗೆಯ ರಿಪೇರಿಗೆ 60 ಕಳೆದರೆ 290. ಮೂಲ ಪೆಟ್ಟಿಗೆ ಇದ್ದದ್ದಕ್ಕೆ 20 ಸೇರಿಸಿದರೆ 310. ಹುಡುಗ ಚೌಕಾಸಿ ಮಾಡಲಿಲ್ಲ. ಹಿರಿಯರು ಆ ಕಾಗದವನ್ನು ಇನ್ನೊಮ್ಮೆ ಓದಿ, "ಆಯ್ತು, ಲೆಕ್ಕ ಸರಿ ಇದೆ" ಎಂದರು. ಕೊನೆಗೆ ಅವರೇ ಒಮ್ಮೆ ನುಡಿಸಿದರು. ಆ ತಳಸ್ವರ ಕೋಣೆಯ ಕಿಟಕಿ ಗಾಜನ್ನು ನಡುಗಿಸಿತು. ಬಣ್ಣ ಯಾವುದಾದರೇನು, ದನಿ ಮಾತ್ರ ಅದೇ.

ಓದುಗ ಮಿತ್ರರೇ, ಇಂದಲ್ಲ ನಾಳೆ ನಾವೆಲ್ಲರೂ ಇಲ್ಲಿಂದ ಗಂಟುಮೂಟೆ ಕಟ್ಟುವವರೇ. ಹೊರಡುವ ವಾರ ಅವಸರದಲ್ಲಿ ಮಾರಿದರೆ ಹೇಳಿದ್ದೇ ಬೆಲೆಯಾಗುತ್ತದೆ. ಬೆಲೆಬಾಳುವ ಹಳೆಯ ವಸ್ತುವಿದ್ದರೆ ಕೆಲವು ತಿಂಗಳು ಮುಂಚೆಯೇ ತಿಳಿದವರಿಗೆ ತೋರಿಸಿ, ರಸೀದಿ ಹುಡುಕಿಡಿ, ಅಂದ ಮಾಡಲು ಹೋಗಿ ಹೊಸ ಬಣ್ಣ ಬಳಿಯಬೇಡಿ. ಸಾಧ್ಯವಾದರೆ ಅದನ್ನು ಬಳಸುವವರಿಗೇ ಕೊಡಿ.